ಇಂಗಲ್ಸ್ ಕುಟುಂಬದ ಪಶ್ಚಿಮಯಾನ: ಚರಿತ್ರೆ ಮತ್ತು ಕಾದಂಬರಿ

ಲಾರಾ ಇಂಗಲ್ಸ್ ವೈಲ್ಡರ್ 1932ರಿಂದ 1943ರವರೆಗೆ ಪ್ರಕಟಿಸಿದ ಎಂಟು ಪುಸ್ತಕಗಳನ್ನು ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋದ ಕುಟುಂಬಗಳ ಸತ್ಯಚರಿತ್ರೆಯೆಂದೇ ಓದುವ ರೂಢಿಯುಂಟು. ಅವು ಕಾದಂಬರಿಗಳೆಂಬುದನ್ನು ಮರೆತರೆ ಲೇಖಕಿಯ ಕೌಶಲವೂ ನಮಗೆ ಕಾಣದು, ಆಕೆ ಕೈಬಿಟ್ಟದ್ದೂ ಕಾಣದು.

ಕಥೆಯಲ್ಲಿ ತಂದೆ ಚಾರ್ಲ್ಸ್ ಇಂಗಲ್ಸನ ದೃಷ್ಟಿ ಸದಾ ಪಡುವಣದತ್ತ. ಅವನು ನಿಜವಾಗಿ ನಡೆದ ದಾರಿ ಅಷ್ಟು ನೇರವಾದುದಲ್ಲ. 1869ರಲ್ಲಿ ಕಾನ್ಸಸ್ ಸೇರಿದ ಕುಟುಂಬ 1871ರಲ್ಲಿ ವಿಸ್ಕಾನ್ಸಿನ್ನಿಗೆ ಹಿಂದಿರುಗಿತು. ಬಳಿಕ ಮಿನ್ನೆಸೋಟದಲ್ಲಿ ನೆಲೆಸಿದಾಗ ಮಿಡತೆಗಳು ಬೆಳೆಯನ್ನು ತಿಂದುಹಾಕಿದವು. 1876ರಲ್ಲಿ ಬಂಡಿ ಮತ್ತೆ ಮೂಡಣಕ್ಕೆ ತಿರುಗಿ ಅಯೋವದ ಬರ್ ಓಕ್ ಎಂಬ ಹಳ್ಳಿಗೆ ಹೋಯಿತು. ಅದೇ ವರ್ಷ ಮನೆಯ ಒಬ್ಬನೇ ಗಂಡುಕೂಸು ತೀರಿಕೊಂಡಿತು. ಆ ಸಾವಾಗಲಿ ಬರ್ ಓಕಿನ ದಿನಗಳಾಗಲಿ ಈ ಮಾಲೆಯಲ್ಲಿ ಇಲ್ಲ. ಮಕ್ಕಳ ಪುಸ್ತಕಕ್ಕೆ ಇಷ್ಟು ಸಂಯಮ ಸಲ್ಲುವುದೆನ್ನಬಹುದು. ಆದರೆ ಸೋಲನ್ನು ಅಳಿಸಿದ್ದರಿಂದಲೇ ಪಯಣಕ್ಕೆ ವಿಜಯಯಾತ್ರೆಯ ಆಕಾರ ಬಂದಿತೆಂಬುದು ನಮ್ಮ ಅಭಿಪ್ರಾಯ.

ಕಾನ್ಸಸಿನ ಭಾಗದಲ್ಲಿ ಈ ತೊಡಕು ಹೆಚ್ಚು ಗಹನವಾದುದು. ಚಾರ್ಲ್ಸ್ ಮನೆ ಕಟ್ಟಿದ ನೆಲ ಒಸೇಜ್ ಜನರದು. ಸರ್ಕಾರದ ಸೈನಿಕರು ಬಿಳಿಯರನ್ನು ಹೊರಡಿಸುವರೆಂಬ ಸುದ್ದಿಯಿಂದ ಕುಟುಂಬ ಹೊರಟಿತೆಂದು ಕಾದಂಬರಿ ಹೇಳುತ್ತದೆ. 1870ರ ಶಾಸನದಂತೆ ನೆಲ ಬಿಟ್ಟು ಹೋಗಬೇಕಾದವರಾದರೋ ಒಸೇಜರು. 1935ರ ಮೊದಲ ಮುದ್ರಣದ ಆರಂಭದಲ್ಲಿ ಅಲ್ಲಿ ಜನರೇ ಇಲ್ಲ, ಇಂಡಿಯನರು ಮಾತ್ರ ಇದ್ದರು ಎಂಬರ್ಥದ ಮಾತಿತ್ತು. ಓದುಗರೊಬ್ಬರು ಆಕ್ಷೇಪಿಸಿದ ಮೇಲೆ 1953ರ ಮುದ್ರಣದಲ್ಲಿ 'ಜನರು' ಹೋಗಿ 'ವಲಸೆಗಾರರು' ಬಂದಿತು. ಶಬ್ದವನ್ನು ತಿದ್ದಬಹುದು, ಆ ಶಬ್ದ ಹೊರಟ ನೋಟ ಪುಸ್ತಕದ ಉದ್ದಕ್ಕೂ ಹರಡಿದೆ.

ಆದರೂ ಇದೇ ಪುಸ್ತಕದಲ್ಲಿ ಒಸೇಜರು ಸಾಲುಗಟ್ಟಿ ಊರು ಬಿಟ್ಟುಹೋಗುವ ಅಧ್ಯಾಯವೊಂದಿದೆ. ತಾಯಿಯ ಕುದುರೆಯ ಪಕ್ಕದ ಬುಟ್ಟಿಯಲ್ಲಿದ್ದ ಕಪ್ಪುಕಣ್ಣಿನ ಕೂಸು ತನಗೆ ಬೇಕೆಂದು ಲಾರಾ ಹಟ ಹಿಡಿದು ಅಳುತ್ತಾಳೆ, ಏಕೆಂದು ಹೇಳಲಾರಳು. ಆ ಹಟದಲ್ಲಿ ಕಸಿದುಕೊಳ್ಳುವ ಆಸೆಯೂ ಇದೆ, ಕಳೆದುಕೊಂಡವರ ದುಃಖವೂ ಇದೆ. ಲೇಖಕಿ ಇದನ್ನು ವಿವರಿಸಹೋಗದಿರುವುದು ಪುಣ್ಯ. ಮಾಲೆಯ ಅತ್ಯುತ್ತಮ ಪುಟಗಳು ಇವೇ ಎನ್ನಲು ನಾವು ಹಿಂಜರಿಯುವುದಿಲ್ಲ. ಲೇಖಕಿಯ ಹೆಸರಿನಲ್ಲಿದ್ದ ಬಾಲಸಾಹಿತ್ಯ ಪ್ರಶಸ್ತಿಯ ಹೆಸರನ್ನು 2018ರಲ್ಲಿ ಬದಲಾಯಿಸಿದಾಗ ಎದ್ದ ವಾಗ್ವಾದದಲ್ಲಿ ಈ ಪುಟಗಳಿಗೆ ಇನ್ನಷ್ಟು ಗಮನ ಸಲ್ಲಬೇಕಾಗಿತ್ತು.

ಊರುಗಳ ನೆನಪಿನ ರೀತಿಯೇ ಬೇರೆ. 1879ರಲ್ಲಿ ಕುಟುಂಬ ಡಕೋಟ ಪ್ರಾಂತಕ್ಕೆ ಹೋಯಿತು. ಅಲ್ಲಿನ ಡಿ ಸ್ಮೆಟ್ ಪಟ್ಟಣದಲ್ಲಿ ಚಾರ್ಲ್ಸ್ 1887ರಲ್ಲಿ ಕಟ್ಟಿದ ಮನೆಯನ್ನು ನೋಡಲು ಓದುಗರು ಬರುತ್ತಾರೆ. ಪುಸ್ತಕಗಳಲ್ಲಿ ಹೆಸರೇ ಬಾರದ ಬರ್ ಓಕಿನಲ್ಲಿಯೂ ಇಂಗಲ್ಸರು ದುಡಿದ ಹೋಟೆಲಿನ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ.