ರೀವದ ಮೊಟ್ಟೆಗೂ ಒಂದು ನೀರಿನ ಲೆಕ್ಕ

ರಂಗನತಿಟ್ಟಿಗೆ ಹೋದವರೆಲ್ಲ ತಲೆಯೆತ್ತಿ ಮರ ನೋಡುತ್ತಾರೆ. ಬಣ್ಣದ ಕೊಕ್ಕರೆ, ಚಮಚದ ಕೊಕ್ಕರೆ, ಹೆಜ್ಜಾರ್ಲೆಗಳೆಲ್ಲ ಅಲ್ಲೇ ಸಂಸಾರ ಹೂಡಿರುವಾಗ ಅದು ಸಹಜವೇ. ಆದರೆ ಫೆಬ್ರವರಿ ಬಂತೆಂದರೆ ನನ್ನ ದುರ್ಬೀನು ನೀರಿನ ಮಟ್ಟಕ್ಕಿಳಿಯುತ್ತದೆ. ಹೊಳೆಯಿಂದ ತುಸುವೇ ಮೇಲೆದ್ದ ಬೋಳು ಬಂಡೆಗಳ ಮೇಲೆ ಆಗ ನದಿ ರೀವಗಳು ಜೋಡಿ ಕಟ್ಟುತ್ತವೆ. ಹಳದಿ ಕೊಕ್ಕು, ಕಪ್ಪು ನೆತ್ತಿ, ಕತ್ತರಿಯಂಥ ಬಾಲ. ಗಂಡು ಮೀನು ಹಿಡಿದು ತಂದು ಹೆಣ್ಣಿನ ಬಾಯಿಗಿಡುವುದನ್ನು ಒಮ್ಮೆ ಕಂಡವರು ಮತ್ತೆ ಆ ಬಂಡೆಗಳನ್ನು ದಾಟಿ ಹೋಗಲಾರರು. ಗೂಡು ಎಂಬುದೇ ಇಲ್ಲ. ಕಲ್ಲಿನ ತಗ್ಗಿನಲ್ಲಿ ಎರಡೋ ಮೂರೋ ಮೊಟ್ಟೆ, ಅವಕ್ಕೂ ಕಲ್ಲಿನದೇ ಬಣ್ಣ. ಸುಡುವ ಬಿಸಿಲಲ್ಲಿ ಗಂಡು ಹೆಣ್ಣು ಸರದಿಯಂತೆ ನಿಂತು ನೆರಳು ಕೊಡುತ್ತವೆ.

ಈ ಪಕ್ಷಿಧಾಮವೇ ನೀರಾವರಿಯ ಕೊಡುಗೆ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ನೀರು ನಿಂತು ಈ ತಿಟ್ಟುಗಳು ಮೂಡಿದವು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿಗೆ ಓಗೊಟ್ಟು ಮೈಸೂರು ಸಂಸ್ಥಾನ ಈ ತಾಣವನ್ನು ಕಾಪಿಟ್ಟಿತು. 2022ರಲ್ಲಿ ಅದು ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹಾಗಾಗಿ ಅಣೆಕಟ್ಟನ್ನು ಹಕ್ಕಿಗಳ ಶತ್ರುವೆಂದು ಬೈಯುವವರ ಜೊತೆ ನಾನು ದನಿಗೂಡಿಸಲಾರೆ.

ಆದರೆ ಮೇಲ್ಗಡೆ ಕನ್ನಂಬಾಡಿ ಕಟ್ಟೆ ಎದ್ದ ಮೇಲೆ ಇಲ್ಲಿನ ಹೊಳೆಯ ಏರಿಳಿತ ಬಹುಪಾಲು ಗೇಟಿನ ಕೈಯಲ್ಲಿದೆ. ಮುಂಗಾರಿನ ಪ್ರವಾಹ ಎಲ್ಲರ ಕಣ್ಣಿಗೂ ಬೀಳುತ್ತದೆ. 2019ರ ಆಗಸ್ಟ್‌ನಲ್ಲಿ ತಿಟ್ಟುಗಳೇ ಮುಳುಗಿ ದೋಣಿ ನಿಂತಿತ್ತು. ರೀವಕ್ಕೆ ಅದಕ್ಕಿಂತ ದೊಡ್ಡ ಕಂಟಕ ಬೇಸಿಗೆಯದು. ನೀರು ತೀರಾ ಇಳಿದರೆ ನಾಯಿಗಳು ಬಂಡೆಯವರೆಗೂ ನಡೆದು ಬರುತ್ತವೆ. ಏಕಾಏಕಿ ಏರಿದರೆ ಒಂದೇ ರಾತ್ರಿಯಲ್ಲಿ ಮೊಟ್ಟೆಗಳೆಲ್ಲ ಹೊಳೆಪಾಲು.

2018ರ ಸುಪ್ರೀಂ ಕೋರ್ಟ್‌ನ ಕಾವೇರಿ ತೀರ್ಪು ತಮಿಳುನಾಡಿಗೆ ನಿಗದಿ ಮಾಡಿದ 177.25 ಟಿಎಂಸಿಯಲ್ಲಿ ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ 2.5 ಟಿಎಂಸಿ. ರೀವ ಮೊಟ್ಟೆಯಿಟ್ಟು ಮರಿ ಮಾಡುವುದೂ ಇದೇ ತಿಂಗಳುಗಳಲ್ಲಿ! 2.5 ಟಿಎಂಸಿಯನ್ನು ಮೂವತ್ತು ದಿನಕ್ಕೆ ಸಮನಾಗಿ ಹಂಚಿದರೆ ದಿನವಿಡೀ ಸುಮಾರು 960 ಕ್ಯೂಸೆಕ್. ಇದರ ಜೊತೆಗೆ ಹೊಳೆಯ ಕಟ್ಟೆಗಳಿಂದಲೇ ನೀರು ಪಡೆಯುವ ವಿರಿಜಾ, ಸಿಡಿಎಸ್, ಬಂಗಾರದೊಡ್ಡಿ ನಾಲೆಗಳ ಪಾಲಿದೆ. ರೈತರ ಆ ಪಾಲಿನಲ್ಲಿ ಒಂದು ಹನಿಯೂ ಕಡಿಮೆಯಾಗಬೇಕಿಲ್ಲ. ಹಕ್ಕಿಗೆ ಹೆಚ್ಚು ನೀರೂ ಬೇಡ, ಬೇಕಿರುವುದು ಒಂದೇ ಮಟ್ಟದ ನೀರು. ಕಟ್ಟು ಪದ್ಧತಿಯಲ್ಲಿ ಬಿಟ್ಟು ನಿಲ್ಲಿಸುವುದು ಅನಿವಾರ್ಯವಾದರೆ, ಗೇಟನ್ನು ಹಲವು ದಿನಗಳಲ್ಲಿ ಮೆಲ್ಲಗೆ ಏರಿಸಿ ಇಳಿಸಬಹುದು. ಸಾಧ್ಯವಾದರೆ ದೊಡ್ಡ ಏರಿಕೆಯನ್ನು ಮೊಟ್ಟೆಗೆ ಮುಂಚೆಯೇ ಮುಗಿಸಬಹುದು, ಆಗ ಹಕ್ಕಿ ತಾನಾಗಿ ಎತ್ತರದ ಬಂಡೆ ಆರಿಸಿಕೊಳ್ಳುತ್ತದೆ.

ನೀರು ಬಿಡುವ ದಿನಾಂಕಗಳನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಮುಂದೆ ಬೆಳೆಯ ಪಟ್ಟಿ ಇರುತ್ತದೆ, ಜಲಾಶಯದ ಮಟ್ಟ ಇರುತ್ತದೆ. ರೀವ ಯಾವ ಬಂಡೆಯಲ್ಲಿ ಯಾವಾಗ ಮೊಟ್ಟೆಯಿಟ್ಟಿತು, ಆ ಬಂಡೆ ನೀರಿನಿಂದ ಎಷ್ಟು ಅಡಿ ಮೇಲಿದೆ ಎಂಬ ಒಂದು ಹಾಳೆಯನ್ನು ಅರಣ್ಯ ಇಲಾಖೆ ಅದರ ಜೊತೆಗಿಡಲಿ. ಆ ಅಳತೆ ತೆಗೆಯಲು ಬರುವುದಕ್ಕೆ ಮೈಸೂರು, ಮಂಡ್ಯದ ಹಕ್ಕಿಪ್ರಿಯರು ಖಂಡಿತ ಹಿಂಜರಿಯಲಾರರು.