ಕೆರೆ ತುಂಬಿದೆ, ನೀರಗಂಟಿ ಎಲ್ಲಿ?

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ, ಜೌಗು ನೆಲೆಗಳಿಗೆ ಕೊಡುವ ರಾಮ್ಸರ್ ಪಟ್ಟ 2024ರಲ್ಲಿ ಘೋಷಣೆಯಾಯಿತು. ಹಕ್ಕಿಗಳಿಂದ ಬಂದ ಹೆಸರು ಅದು. ಕೆರೆ ಕಟ್ಟಿದ್ದು ಮಾತ್ರ ಹೊಲಕ್ಕೆ ನೀರು ಹಾಯಿಸಲು. ಎಷ್ಟು ನೀರು ನಿಂತಿದೆ ಎಂದು ನೋಡಿ ಸುಮ್ಮನಾಗುವವರಲ್ಲ ನಮ್ಮ ಸೀಮೆಯವರು. ತೂಬು ಎಲ್ಲಿ, ನೀರು ಹಂಚುವ ನೀರಗಂಟಿ ಯಾರು ಎಂದೂ ಕೇಳುತ್ತಾರೆ. ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರವನ್ನೂ ನಾನು ಹೀಗೇ ಅಳೆಯುತ್ತೇನೆ.

ಕೆರೆಯೇನೋ ದೊಡ್ಡದು. 2022ರ ನವೆಂಬರಿನಲ್ಲಿ ಈ ಕೇಂದ್ರ ಬಾಗಿಲು ತೆರೆಯುವವರೆಗೆ ನಮ್ಮ ವಿಜ್ಞಾನಿಗಳು ಡಿಎನ್‌ಎ ಸರಣಿಗಳನ್ನು ಅಮೆರಿಕ, ಯುರೋಪು, ಜಪಾನುಗಳ ಭಂಡಾರಗಳಲ್ಲಿ ಇಡುತ್ತಿದ್ದರು. ತೆರೆಯುವಾಗಲೇ ಸುಮಾರು 4 ಪೆಟಾಬೈಟ್ ಜಾಗ, ಜತೆಗೆ 'ಬ್ರಹ್ಮ್' ಎಂಬ ಸೂಪರ್‌ಕಂಪ್ಯೂಟರ್ ಇಲ್ಲಿದ್ದವು. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದ 'ಜೀನೋಮ್ ಇಂಡಿಯಾ' ಯೋಜನೆಯಲ್ಲಿ 20 ಸಂಸ್ಥೆಗಳು ಕೂಡಿಸಿದ ಸುಮಾರು 10,000 ಭಾರತೀಯರ ಜೀನೋಮ್ ದತ್ತಾಂಶವನ್ನೂ ಅಲ್ಲೇ ಇಟ್ಟು, 2025ರ ಜನವರಿಯಲ್ಲಿ ಸಂಶೋಧಕರಿಗೆ ಬಿಡಲಾಯಿತು. ಒಬ್ಬರ ಜೀನೋಮಿನ ಕಚ್ಚಾ ದತ್ತಾಂಶವೇ ನೂರು ಜಿಬಿ ಆಸುಪಾಸು. ಅದನ್ನು ಊರೂರಿಗೆ ಇಳಿಸಿಕೊಳ್ಳುವುದು ಆಗದ ಮಾತು. ದತ್ತಾಂಶ ಇರುವಲ್ಲೇ ಲೆಕ್ಕ ನಡೆಯಬೇಕು. ಭಂಡಾರವನ್ನೂ ಯಂತ್ರವನ್ನೂ ಒಂದೇ ಕಡೆ ಇಟ್ಟದ್ದು ಜಾಣತನ.

ಇನ್ನು ತೂಬಿನ ಮಾತು. ಜೀನೋಮ್ ಇಂಡಿಯಾದ ದತ್ತಾಂಶ ಬೇಕೆಂದರೆ ಪ್ರಸ್ತಾವ ಬರೆದು ಒಪ್ಪಿಗೆ ಪಡೆಯಬೇಕು. ಮನುಷ್ಯರ ಗುಟ್ಟಿನ ಪ್ರಶ್ನೆ, ಆ ಬಿಗಿ ಇರಲಿ. ಹಡಗಲಿಯ ಮಲ್ಲಿಗೆಗೆ ಅಂಥ ಗುಟ್ಟೇನಿದೆ? ಭೌಗೋಳಿಕ ಗುರುತು ಪಡೆದ ಆ ಹೂವಿನ ಘಮಕ್ಕೆ ಯಾವ ಜೀನುಗಳು ಕಾರಣ? ಕೂಡ್ಲಿಗಿಯ ಗುಡೇಕೋಟೆ ಕಾಡಿನ ಕರಡಿಗಳು ದರೋಜಿಯ ಕರಡಿಗಳಿಗೆ ಎಷ್ಟು ಹತ್ತಿರದ ಬಳಗ? ಹರಪನಹಳ್ಳಿಯ ಹಟ್ಟಿಗಳಲ್ಲಿರುವ ಬಳ್ಳಾರಿ ತಳಿಯ ಕುರಿ ಎಷ್ಟು ಬೆರಕೆಯಾಗಿದೆ? ಇವನ್ನು ಕೇಳಬೇಕಾದವರು ಇಲ್ಲಿನ ಕಾಲೇಜು ಮಕ್ಕಳು.

ಕೊಟ್ಟೂರಿನ ಹುಡುಗಿಯೊಬ್ಬಳು ಇಂದು ಬರೀ ಇಮೇಲ್ ವಿಳಾಸ ಕೊಟ್ಟು ಜರ್ಮನಿಯ ಫ್ರೈಬರ್ಗಿನ ಗ್ಯಾಲಕ್ಸಿ ಸರ್ವರಿನಲ್ಲಿ ಪುಕ್ಕಟೆ ವಿಶ್ಲೇಷಣೆ ಮಾಡಬಹುದು. ಪ್ರೋಗ್ರಾಮಿಂಗ್ ಬರಬೇಕೆಂದಿಲ್ಲ, ಬ್ರೌಸರ್ ಸಾಕು. ಅಷ್ಟು ಸಲೀಸು ನಮ್ಮ ದುಡ್ಡಿನ ಯಂತ್ರಕ್ಕೂ ಬೇಕು. ಕೇಂದ್ರದ ಬೆನ್ನಿಗಿರುವ ಜೈವಿಕ ತಂತ್ರಜ್ಞಾನ ಇಲಾಖೆಗೆ ಹೀಗೆ ಊರೂರು ತಲುಪುವುದು ಹೊಸದೇನಲ್ಲ: 1980ರ ದಶಕದಲ್ಲೇ ಬಿಟಿಐಎಸ್‌ನೆಟ್ ಹೆಸರಿನಲ್ಲಿ ದೇಶದ ಹಲವೆಡೆ ಮಾಹಿತಿ ಕೇಂದ್ರಗಳನ್ನು ತೆರೆದ ಇಲಾಖೆ ಅದು. ಪೆಟಾಬೈಟ್ ಇನ್ನೊಂದಷ್ಟು ಸೇರಿಸುವುದು ತಡವಾದರೂ ಚಿಂತೆಯಿಲ್ಲ. ಮೊದಲು ಬಳ್ಳಾರಿಯ ವಿಶ್ವವಿದ್ಯಾಲಯಕ್ಕೆ ಕನ್ನಡ ಬಲ್ಲ ಒಬ್ಬ ದತ್ತಾಂಶದ ನೀರಗಂಟಿಯನ್ನು ಕಳಿಸಲಿ; ಈ ಐದು ತಾಲ್ಲೂಕುಗಳ ಮೇಷ್ಟ್ರುಗಳ ಹೆಸರಿನಲ್ಲಿ ತಿಂಗಳಿಗೆ ಇಷ್ಟು ಗಂಟೆ ಎಂದು ಯಂತ್ರದ ಪಾಳಿ ಬರೆಸಲಿ.