‘ತಕ್ಕದ್ದು’ ಮತ್ತು ‘ಬಹುದು’ಗಳ ನಡುವೆ

ಕಥೆ, ಕವಿತೆ, ನಾಟಕಗಳನ್ನು ವಿಮರ್ಶಿಸುವಂತೆ ಒಂದು ಕಾನೂನನ್ನೂ ವಿಮರ್ಶಿಸಬಹುದೇ? ವಿಮರ್ಶಿಸಲೇಬೇಕು ಎಂಬುದು ಈ ಲೇಖನದ ನಿಲುವು. ಕೃತಿಯೊಂದು ರುಚಿಸದಿದ್ದರೆ ಓದುಗನು ಅದನ್ನು ಮಡಚಿಟ್ಟು ಎದ್ದುಹೋಗಬಹುದು. ಕಾನೂನಿನೊಳಗೆ ಬದುಕುವವನಿಗೆ ಆ ಸೌಲಭ್ಯವಿಲ್ಲ. ಕಾನೂನಿನ ಜೀವವಿರುವುದು ಅದರ ಕ್ರಿಯಾಪದಗಳಲ್ಲಿ. ಕನ್ನಡದ ಶಾಸನಭಾಷೆಯಲ್ಲಿ ಎರಡು ಪದಗಳು ಪದೇ ಪದೇ ಬರುತ್ತವೆ: ಒಂದು ‘ತಕ್ಕದ್ದು’, ಇನ್ನೊಂದು ‘ಬಹುದು’. ‘ಮಾಡತಕ್ಕದ್ದು’ ಎಂದರೆ ಮಾಡಲೇಬೇಕು, ತಪ್ಪಿದರೆ ಕೇಳುವವರಿದ್ದಾರೆ. ‘ಮಾಡಬಹುದು’ ಎಂದರೆ ಮನಸ್ಸು ಬಂದರೆ ಮಾಡಬಹುದು, ಬಾರದಿದ್ದರೆ ಬಿಡಬಹುದು. ಯಾರಿಗೆ ಯಾವ ಪದ ದಕ್ಕಿದೆ ಎಂಬುದನ್ನು ನೋಡಿದರೆ ಸಾಕು, ಆ ಕಾನೂನಿನ ಒಲವು ಯಾವ ಕಡೆಗಿದೆ ಎಂಬುದು ಗೋಚರವಾಗುತ್ತದೆ.

ಇಲ್ಲಿ ಓದಹೊರಟಿರುವುದು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವನ್ನು; ಅದರಲ್ಲಿಯೂ ಬೌದ್ಧಿಕ ವಿಕಲತೆಯುಳ್ಳವರನ್ನು ಸಲಹುವ ವಿಶೇಷ ಶಾಲೆ, ವಸತಿಗೃಹ, ಹಗಲು ಪಾಲನಾ ಕೇಂದ್ರಗಳಿಗೆ ಸಂಬಂಧಿಸಿದ ಭಾಗವನ್ನು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2.68 ಕೋಟಿ ವಿಕಲಚೇತನರಿದ್ದು, ಅವರಲ್ಲಿ ಸುಮಾರು 15 ಲಕ್ಷ ಮಂದಿ ಬೌದ್ಧಿಕ ವಿಕಲತೆಯುಳ್ಳವರು. ಅಂತಹವರಿಗಾಗಿ ನಡೆಯುತ್ತಿರುವ ಕೇಂದ್ರಗಳಲ್ಲಿ ಹಲವನ್ನು ಧರ್ಮಭಗಿನಿಯರ ಸಭೆಗಳು, ಸೇವಾಸಂಸ್ಥೆಗಳು, ಮಕ್ಕಳ ತಂದೆತಾಯಿಗಳೇ ಕಟ್ಟಿಕೊಂಡ ಸಂಘಗಳು ನಡೆಸುತ್ತಿವೆ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳಿಗೆ ಇದು ಪರರ ವಿಷಯವಲ್ಲ. ‘ನಾವು ಕಣ್ಣು ಮುಚ್ಚಿದ ಮೇಲೆ ಈ ಮಗುವನ್ನು ನೋಡಿಕೊಳ್ಳುವವರು ಯಾರು?’ ಎಂಬ ಪ್ರಶ್ನೆಯನ್ನು ರಾತ್ರಿಯ ನಿದ್ರೆಗೆ ಮುನ್ನ ಕೇಳಿಕೊಳ್ಳುವ ತಾಯಂದಿರು ನಮ್ಮ ನಡುವೆಯೇ ಇದ್ದಾರೆ.

ಮೊದಲಿಗೆ ಈ ಅಧಿನಿಯಮದ ಹಿರಿಮೆಯನ್ನು ಒಪ್ಪಿಕೊಳ್ಳಬೇಕು. ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಗೆ ಭಾರತವು 2007ರಲ್ಲಿ ಬದ್ಧವಾಯಿತು. ಅದರ ಫಲವಾಗಿ ರೂಪುಗೊಂಡ ಈ ಕಾನೂನು 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. 1995ರ ಹಳೆಯ ಕಾಯ್ದೆ ಏಳು ಬಗೆಯ ವಿಕಲತೆಗಳನ್ನು ಗುರುತಿಸಿದ್ದರೆ ಇದು 21ನ್ನು ಗುರುತಿಸಿತು. ಕರುಣೆಯ ಭಾಷೆಯನ್ನು ಬಿಟ್ಟು ಹಕ್ಕಿನ ಭಾಷೆಯನ್ನು ಹಿಡಿಯಿತು. ‘ಆರೈಕೆದಾರ’ ಎಂಬ ಪದಕ್ಕೆ ವ್ಯಾಖ್ಯೆ ಕೊಟ್ಟು, ಸಂಬಳ ಪಡೆದೋ ಪಡೆಯದೆಯೋ ಆರೈಕೆ ಮಾಡುವ ಎಲ್ಲರನ್ನೂ, ತಂದೆತಾಯಿಗಳನ್ನೂ ಸೇರಿಸಿಕೊಂಡು, ಆ ವ್ಯಾಖ್ಯೆಯೊಳಗೆ ತಂದಿತು. ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ ಸದ್ದಿಲ್ಲದೆ ನಡೆಯುವ ದುಡಿಮೆಗೆ ಶಾಸನದ ಪುಟದಲ್ಲಿ ಹೆಸರು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಆದರೆ ಒಂಬತ್ತನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಧ್ವನಿ ಬದಲಾಗುತ್ತದೆ. ಸಂಸ್ಥೆಗಳ ನೋಂದಣಿ ಮತ್ತು ಅವುಗಳಿಗೆ ನೀಡುವ ಅನುದಾನಕ್ಕೆ ಮೀಸಲಾದ ಅಧ್ಯಾಯವಿದು. 50ನೆಯ ಪ್ರಕರಣದ ಪ್ರಕಾರ ನೋಂದಣಿ ಪ್ರಮಾಣಪತ್ರವಿಲ್ಲದೆ ಯಾರೂ ವಿಕಲಚೇತನರಿಗಾಗಿ ಸಂಸ್ಥೆಯನ್ನು ಸ್ಥಾಪಿಸುವಂತಿಲ್ಲ, ನಡೆಸುವಂತಿಲ್ಲ. 51ನೆಯ ಪ್ರಕರಣದ ಪ್ರಕಾರ ರಾಜ್ಯ ಸರ್ಕಾರವು ಗೊತ್ತುಪಡಿಸಿದ ಸೌಕರ್ಯಗಳನ್ನು ಒದಗಿಸಿ, ಮಟ್ಟವನ್ನು ಮುಟ್ಟಲು ಶಕ್ತವಾದ ಸಂಸ್ಥೆಗೆ ಮಾತ್ರ ಆ ಪತ್ರ ದೊರೆಯತಕ್ಕದ್ದು. 52ನೆಯ ಪ್ರಕರಣದಲ್ಲಿ ಅದನ್ನು ರದ್ದುಪಡಿಸುವ ಅಧಿಕಾರವಿದೆ. ಅರ್ಜಿ ಬಂದ 90 ದಿನಗಳೊಳಗೆ ತೀರ್ಮಾನಿಸಬೇಕೆಂದು ಅಧಿಕಾರಿಗೂ ಒಂದು ಕಟ್ಟುಪಾಡು ಹಾಕಿರುವುದು ನ್ಯಾಯವೇ ಸರಿ. ಒಟ್ಟಿನಲ್ಲಿ ಇಲ್ಲಿಯವರೆಗೆ ಎಲ್ಲವೂ ‘ತಕ್ಕದ್ದು’.

ಮುಂದಿನ ಎರಡು ಪ್ರಕರಣಗಳನ್ನು ನಿಧಾನವಾಗಿ ಓದಬೇಕು. ಕೇಂದ್ರ ಅಥವಾ ರಾಜ್ಯ ಸರ್ಕಾರವೇ ನಡೆಸುವ ಸಂಸ್ಥೆಗಳಿಗೆ ಈ ಅಧ್ಯಾಯದ ಯಾವ ನಿಯಮವೂ ಅನ್ವಯಿಸದು ಎನ್ನುತ್ತದೆ 54ನೆಯ ಪ್ರಕರಣ. ಅನ್ಯರ ಮನೆಯ ದೀಪವನ್ನು ಪರೀಕ್ಷಿಸುವವನು ತನ್ನ ಮನೆಯ ಬಾಗಿಲನ್ನು ಮುಚ್ಚಿಕೊಂಡಂತಾಯಿತು. 55ನೆಯ ಪ್ರಕರಣವು ನೋಂದಾಯಿತ ಸಂಸ್ಥೆಗಳಿಗೆ ಹಣಸಹಾಯದ ಮಾತಾಡುತ್ತದೆ. ಸರ್ಕಾರವು ತನ್ನ ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ ಸಹಾಯವನ್ನು ನೀಡಬಹುದು ಎಂಬುದೇ ಅದರ ಸಾರ. ಒಂದೇ ವಾಕ್ಯದಲ್ಲಿ ಎರಡು ಬೀಗಗಳು: ‘ಬಹುದು’ ಎಂಬುದು ಮೊದಲನೆಯದು, ‘ಮಿತಿಯೊಳಗೆ’ ಎಂಬುದು ಎರಡನೆಯದು. ಸೇವೆ ನೀಡುವವನ ಕರ್ತವ್ಯಕ್ಕೆ ಅವನ ಆರ್ಥಿಕ ಸಾಮರ್ಥ್ಯದ ಮಿತಿಯಿಲ್ಲ. ಸೇವೆಯನ್ನು ಬಯಸುವ ಸರ್ಕಾರದ ಕರ್ತವ್ಯಕ್ಕೆ ಮಾತ್ರ ಇದೆ. ಈ ಕಾನೂನಿನ ಬಗೆಗೆ ಆಡಬೇಕಾದ ಮುಖ್ಯ ಮಾತು ಇದೇ.

ಇದೇ ಓರೆ ಬೇರೆಡೆಯೂ ಕಾಣುತ್ತದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಂತೆ, ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳದವರು ಪುನರ್ವಸತಿ ವೃತ್ತಿಪರರಾಗಿ ಕೆಲಸ ಮಾಡುವಂತಿಲ್ಲ. ವಿಶೇಷ ಶಿಕ್ಷಕರೂ ಇದಕ್ಕೆ ಒಳಪಟ್ಟವರು. ಮೀರಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ತರಬೇತಿಯ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಒಂದು ಮಗುವಿಗೆ ಕಲಿಸಲು ಕೆಲವೊಮ್ಮೆ ಇಡೀ ವರ್ಷ ಬೇಕಾಗುತ್ತದೆ. ಅನ್ನ ನುಂಗಲು ಕಷ್ಟಪಡುವ ಮಗುವಿಗೆ ಯಾವ ಭಂಗಿಯಲ್ಲಿ ಕೂರಿಸಿ ಉಣಿಸಬೇಕು, ಅಪಸ್ಮಾರ ಬಂದಾಗ ಏನು ಮಾಡಬೇಕು, ಏನು ಮಾಡಕೂಡದು, ಮಾತು ಬಾರದವನ ಕೂಗಿನಲ್ಲಿ ಹಸಿವು ಯಾವುದು, ನೋವು ಯಾವುದು ಎಂಬುದೆಲ್ಲ ಕಲಿತು ಬರಬೇಕಾದ ವಿದ್ಯೆ. ಆದರೆ ಆ ವಿದ್ಯೆಯನ್ನು ಕಡ್ಡಾಯಗೊಳಿಸಿದ ಕಾನೂನು, ಅದನ್ನು ಕಲಿತವರಿಗೆ ಕನಿಷ್ಠ ಎಷ್ಟು ಸಂಬಳ ಸಲ್ಲಬೇಕೆಂಬ ಬಗೆಗೆ ಮೌನ ತಾಳುತ್ತದೆ.

ಆ ಮೌನದ ಸ್ಥಳದಲ್ಲಿ ಒಂದು ಮಧುರವಾದ ಪದ ಬಂದು ಕುಳಿತಿದೆ. ಅದು ‘ಗೌರವಧನ’. ಕೇಂದ್ರದ ದೀನದಯಾಳ್ ವಿಕಲಚೇತನರ ಪುನರ್ವಸತಿ ಯೋಜನೆಯು ಸ್ವಯಂಸೇವಾ ಸಂಸ್ಥೆಗಳ ಸಿಬ್ಬಂದಿಗೆ ಕೊಡುವುದು ಈ ಹೆಸರಿನ ಹಣವನ್ನೇ. ವೇತನವೆಂದರೆ ಶ್ರೇಣಿಯ ಮಾತು ಬರುತ್ತದೆ. ವಾರ್ಷಿಕ ಏರಿಕೆ, ತುಟ್ಟಿಭತ್ಯೆ, ನಿವೃತ್ತಿಯ ಪ್ರಶ್ನೆಗಳು ಬೆನ್ನಟ್ಟಿ ಬರುತ್ತವೆ. ಗೌರವಧನವೆಂದರೆ ಯಾವ ಪ್ರಶ್ನೆಯೂ ಏಳದು. ಗೌರವವನ್ನು ಅಳೆದು ಕೇಳುವುದು ಶಿಷ್ಟಾಚಾರವಲ್ಲವಷ್ಟೆ! ಹೀಗೆ ಶಿಕ್ಷಕಿಯ ಶ್ರಮವನ್ನು ಗೌರವದ ಹೆಸರಿನಲ್ಲಿಯೇ ಅಗ್ಗವಾಗಿಸಲಾಗಿದೆ. ಅನುದಾನ ಬರುವ ಮೊದಲು ತಪಾಸಣಾ ವರದಿ, ಲೆಕ್ಕಪತ್ರ, ಹಣ ಬಳಕೆಯ ಪ್ರಮಾಣಪತ್ರಗಳು ಹಂತ ಹಂತವಾಗಿ ಮೇಲಕ್ಕೇರಬೇಕು. ಕಾಗದವು ಒಂದು ಮೇಜಿನಲ್ಲಿ ತಂಗಿದ ದಿನಗಳಲ್ಲಿಯೂ ವಸತಿಗೃಹದ ಮಕ್ಕಳಿಗೆ ಹೊತ್ತು ಹೊತ್ತಿಗೆ ಹಸಿವಾಗುತ್ತದೆ, ಆಯಾಳ ಮನೆಯ ಬಾಡಿಗೆಯ ದಿನವೂ ಬರುತ್ತದೆ.

ಕರ್ನಾಟಕವು 2010-11ರಿಂದ ಸ್ವಯಂಸೇವಾ ಸಂಸ್ಥೆಗಳ ವಿಶೇಷ ಶಾಲೆಗಳಿಗಾಗಿ ‘ಶಿಶು ಕೇಂದ್ರಿತ’ ಅನುದಾನ ಯೋಜನೆಯನ್ನು ರೂಪಿಸಿತು. ಮಗುವಿನ ಹೆಸರಿನಲ್ಲಿ ಹಣ ಬರಲಿ ಎಂಬ ಆಶಯ ಸ್ತುತ್ಯವಾದುದೇ. ಆದರೆ ಮಗುವಿಗೆ ಇಂತಿಷ್ಟೆಂದು ಲೆಕ್ಕ ಹಾಕಿದಾಗ, ಮಕ್ಕಳ ಸಂಖ್ಯೆ ಇಳಿದರೆ ಆದಾಯ ಇಳಿಯುತ್ತದೆ, ಶಿಕ್ಷಕಿಯ ಅಗತ್ಯ ಮಾತ್ರ ಇಳಿಯುವುದಿಲ್ಲ. ಇನ್ನೊಂದು ಪ್ರಶ್ನೆ ಯೋಜನೆಯ ಹೆಸರಿನಲ್ಲಿಯೇ ಅಡಗಿದೆ: ಶಿಶು ಬೆಳೆದು ನಲವತ್ತರ ಹರೆಯಕ್ಕೆ ಬಂದಾಗ ಏನು? ಆಗ ತಾಯಿಗೆ ಎಪ್ಪತ್ತು ತುಂಬಿರುತ್ತದೆ. ಈ ಅಳಲಿಗೆ ಉತ್ತರವಾಗಿಯೇ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂದಿತು. ಜಿಲ್ಲಾ ಮಟ್ಟದ ಸಮಿತಿಯ ಮೂಲಕ ಪಾಲಕರನ್ನು ನೇಮಿಸುವ ವ್ಯವಸ್ಥೆಯನ್ನು ಅದು ತಂದಿತು. ಮುಂದೆ ‘ನಿರಾಮಯ’ ಯೋಜನೆಯ ಮೂಲಕ ಒಂದು ಲಕ್ಷ ರೂಪಾಯಿಗಳವರೆಗಿನ ಆರೋಗ್ಯ ವಿಮೆಯೂ ದೊರೆಯಿತು. ಆದರೆ ನ್ಯಾಸದ ಮೂಲನಿಧಿಗೆಂದು ಕಾಯ್ದೆಯಲ್ಲಿ ಹೇಳಿದ್ದು ಒಮ್ಮೆ ಕೊಡುವ 100 ಕೋಟಿ ರೂಪಾಯಿಗಳನ್ನು ಮಾತ್ರ. ಇಡೀ ದೇಶದ ‘ನಮ್ಮ ನಂತರ ಯಾರು?’ ಎಂಬ ಪ್ರಶ್ನೆಗೆ ಆ ಗಂಟು ತೀರ ಚಿಕ್ಕದು.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಸಂಸ್ಥೆಗಳನ್ನು ಇಷ್ಟೊಂದು ಬಿಗಿಯಾಗಿ ಕಟ್ಟುವುದೇಕೆ, ಪುಣ್ಯದ ಕೆಲಸಕ್ಕೆ ತಪಾಸಣೆಯೇಕೆ ಎಂದು ಕೆಲವರು ಕೇಳುವುದುಂಟು. ಈ ವಾದವನ್ನು ಒಪ್ಪಲಾಗದು. ಬೌದ್ಧಿಕ ವಿಕಲತೆಯುಳ್ಳವರೊಡನೆ ಒಂದೇ ಮನೆಯಲ್ಲಿ ಬಾಳುವ ‘ಲಾರ್ಷ್’ ಸಮುದಾಯಗಳನ್ನು 1964ರಲ್ಲಿ ಫ್ರಾನ್ಸಿನಲ್ಲಿ ಆರಂಭಿಸಿದ ಜೀನ್ ವಾನಿಯೇ ಅವರನ್ನು ಜಗತ್ತು ಸಂತನೆಂಬಂತೆ ಕಂಡಿತ್ತು. ಆ ಸಮುದಾಯದ ಮನೆ ಬೆಂಗಳೂರಿನಲ್ಲಿಯೂ ‘ಆಶಾ ನಿಕೇತನ’ ಎಂಬ ಹೆಸರಿನಿಂದ ಆರಂಭವಾಯಿತು. 2019ರಲ್ಲಿ ಅವರು ತೀರಿಕೊಂಡ ನಂತರ, ಅವರು ಹಲವು ಮಹಿಳೆಯರನ್ನು ಲೈಂಗಿಕವಾಗಿ ದುರುಪಯೋಗಪಡಿಸಿಕೊಂಡಿದ್ದರೆಂದು ಆ ಸಂಸ್ಥೆಯೇ ನಡೆಸಿದ ತನಿಖೆಗಳು 2020 ಮತ್ತು 2023ರಲ್ಲಿ ಪ್ರಕಟಪಡಿಸಿದವು. ಆ ಮಹಿಳೆಯರು ಬೌದ್ಧಿಕ ವಿಕಲತೆಯುಳ್ಳವರಾಗಿರಲಿಲ್ಲವೆಂಬುದು ನಿಜ. ಆದರೂ ಪಾಠ ಸ್ಪಷ್ಟ: ಹಿರಿದಾದ ಹೆಸರು ಮೇಲ್ವಿಚಾರಣೆಗೆ ಬದಲಿಯಲ್ಲ. ತನ್ನ ನೋವನ್ನು ಹೇಳಿಕೊಳ್ಳಲಾರದವರು ಇರುವ ಮನೆಗೆ ಹೊರಗಿನ ಕಣ್ಣು ಬೇಕೇ ಬೇಕು. ಆದ್ದರಿಂದ ನಮ್ಮ ತಕರಾರು ‘ತಕ್ಕದ್ದು’ ಇರುವುದರ ಬಗೆಗಲ್ಲ, ಅದು ಒಂದೇ ಕಡೆಗೆ ಇರುವುದರ ಬಗೆಗೆ.

ಸರ್ಕಾರದ ಬೊಕ್ಕಸಕ್ಕೂ ಮಿತಿಯಿದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಮಿತಿ ಇರುವುದು ದಿಟ. ಆದರೆ ನೆರೆಯ ಕೇರಳದ ಸ್ಥಳೀಯ ಸಂಸ್ಥೆಗಳು 2004ರಿಂದ ‘ಬಡ್ಸ್’ ಶಾಲೆಗಳನ್ನು ನಡೆಸಿಕೊಂಡು ಬಂದಿವೆ. ಬೌದ್ಧಿಕ ವಿಕಲತೆಯುಳ್ಳ ಮಕ್ಕಳ ಶಾಲೆಯನ್ನು ಪಂಚಾಯತಿಯೇ ನಡೆಸಬಲ್ಲುದೆಂಬುದಕ್ಕೆ, ಕನ್ನಡಿಗರೂ ಬಾಳುತ್ತಿರುವ ಕಾಸರಗೋಡು ಜಿಲ್ಲೆಯಲ್ಲಿಯೇ ನಿದರ್ಶನಗಳಿವೆ. ಅಲ್ಲಿ ಕೊರತೆಗಳಿಲ್ಲವೆಂದಲ್ಲ, ಹೊಣೆ ಯಾರದೆಂಬ ಗೊಂದಲವಿಲ್ಲ. ನಮ್ಮ ದಕ್ಷಿಣ ಕನ್ನಡದಲ್ಲಿಯೂ ಎಂಡೋಸಲ್ಫಾನ್ ಬಾಧಿತರೆಂದು ಗುರುತಿಸಲಾದವರಿಗಾಗಿ ಕೊಕ್ಕಡ ಮತ್ತು ಕೊಯಿಲದಲ್ಲಿ ಸರ್ಕಾರದ ಹಣದಿಂದ ಹಗಲು ಪಾಲನಾ ಕೇಂದ್ರಗಳು ತೆರೆದವು. ಸಂತ್ರಸ್ತರ ದೀರ್ಘ ಹೋರಾಟದ ಹಿನ್ನೆಲೆಯಲ್ಲಿ ಅಲ್ಲಿ ‘ಬಹುದು’ ಎಂಬುದು ‘ತಕ್ಕದ್ದು’ ಆಯಿತು. ಆದರೆ ವಿಷ ಸಿಂಪಡಿಸಿದ ಊರಿನ ಮಗುವಿಗೆ ಸಲ್ಲುವ ಆರೈಕೆಯು ಪಕ್ಕದ ತಾಲ್ಲೂಕಿನಲ್ಲಿ ಹುಟ್ಟಿನಿಂದಲೇ ಬೌದ್ಧಿಕ ವಿಕಲತೆಯಿರುವ ಮಗುವಿಗೆ ಸಲ್ಲಬಾರದೆಂಬುದಕ್ಕೆ ಯಾವ ನ್ಯಾಯವಿದೆ?

ನ್ಯಾಯಾಲಯಗಳು ಸುಮ್ಮನಿಲ್ಲ. ಸಾಮಾನ್ಯ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬುದನ್ನು ಗೊತ್ತುಪಡಿಸಿ, ಕಾಯಂ ಹುದ್ದೆಗಳನ್ನು ಸೃಷ್ಟಿಸುವಂತೆ ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ನೇಮಕಾತಿಗಳು ನಡೆಯದಿದ್ದುದರಿಂದ 2025ರ ಮಾರ್ಚ್‌ನಲ್ಲಿ ಅದೇ ಮಾತನ್ನು ಮತ್ತೆ ಹೇಳಬೇಕಾಯಿತು. ಅತ್ಯುನ್ನತ ನ್ಯಾಯಪೀಠದ ‘ತಕ್ಕದ್ದು’ ಕೂಡ ಕಚೇರಿಗಳ ಮೆಟ್ಟಿಲೇರುವಾಗ ‘ಬಹುದು’ ಆಗಿ ಸವೆಯುತ್ತದೆಂದರೆ, ಕೊರತೆಯಿರುವುದು ಕಾನೂನಿನ ಪದಗಳಲ್ಲಿ ಮಾತ್ರವೇ? ಕೇಳುವವರ ಸಂಖ್ಯೆಯಲ್ಲಿಯೂ ಇದೆ.

ಇಲ್ಲಿ ನಮ್ಮ ಕಡೆಗೂ ಬೆರಳು ತಿರುಗುತ್ತದೆ. ವಿಶೇಷ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿ, ಮಕ್ಕಳ ನೃತ್ಯಕ್ಕೆ ಕಣ್ಣೊರೆಸಿಕೊಂಡು, ಸಿಹಿ ಹಂಚಿ ಬರುತ್ತೇವೆ. ಆ ಮಕ್ಕಳನ್ನು ವರ್ಷವಿಡೀ ಸಲಹುವ ಶಿಕ್ಷಕಿಗೆ ತಿಂಗಳ ಕೊನೆಯಲ್ಲಿ ಕೈಗೆ ಸಿಗುವುದೆಷ್ಟೆಂದು ಕೇಳುವುದಿಲ್ಲ. ಸೇವೆ ಎಂಬ ಪದದ ಮೇಲಿನ ನಮ್ಮ ಭಕ್ತಿಯೇ ಆ ಪ್ರಶ್ನೆಯನ್ನು ತಡೆದಿದೆಯೋ ಏನೋ. ಲೂಕನ ಶುಭಸಂದೇಶದ ಸಮಾರಿಯದವನ ಸಾಮತಿಯನ್ನು ನಾವೆಲ್ಲರೂ ಬಲ್ಲೆವು. ಗಾಯಗೊಂಡವನಿಗೆ ಎಣ್ಣೆ ಹಚ್ಚಿ ಕಟ್ಟಿದ್ದನ್ನು ಎಲ್ಲರೂ ನೆನೆಯುತ್ತಾರೆ. ಮರುದಿನ ಅವನು ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯಗಳನ್ನಿತ್ತು, ಮೇಲೆ ಖರ್ಚಾದುದನ್ನು ಹಿಂತಿರುಗುವಾಗ ಕೊಡುವೆನೆಂದು ಮಾತು ಕೊಟ್ಟುದನ್ನು ನೆನೆಯುವವರು ವಿರಳ. ಆರೈಕೆಗೆ ವೆಚ್ಚವಿದೆ, ಆರೈಕೆ ಮಾಡುವವನಿಗೂ ಬದುಕಿದೆ ಎಂಬುದನ್ನು ಅವನು ಅರಿತಿದ್ದನು. ನಿನ್ನ ಪುಣ್ಯಕ್ಕಾಗಿ ನೋಡಿಕೋ ಎಂದು ಛತ್ರದವನಿಗೆ ಅವನು ಹೇಳಲಿಲ್ಲ.

ಹಾಗಾದರೆ ಕೇಳಬೇಕಾದುದೇನು? ಬೌದ್ಧಿಕ ವಿಕಲತೆಯುಳ್ಳ ಒಬ್ಬ ವ್ಯಕ್ತಿಯ ಒಂದು ದಿನದ ಯೋಗ್ಯ ಆರೈಕೆಗೆ ನಿಜವಾಗಿ ಎಷ್ಟು ವೆಚ್ಚ ತಗಲುತ್ತದೆಂಬುದನ್ನು ಸರ್ಕಾರ ಲೆಕ್ಕ ಹಾಕಿ ಪ್ರಕಟಿಸಲಿ. ಅನುದಾನವು ಆ ಲೆಕ್ಕಕ್ಕೆ ಅನುಗುಣವಾಗಿ, ಬೆಲೆಯೇರಿಕೆಯೊಡನೆ ಏರಲಿ. ‘ಗೌರವಧನ’ವು ವೇತನವಾಗಲಿ. ಸರ್ಕಾರಿ ಸಂಸ್ಥೆಗಳೂ ತಪಾಸಣೆಗೆ ಒಳಪಡಲಿ. 55ನೆಯ ಪ್ರಕರಣದ ‘ಬಹುದು’ ಎಂಬಲ್ಲಿ ‘ತಕ್ಕದ್ದು’ ಬರಲಿ. ಕಾನೂನನ್ನು ತಿದ್ದುವುದು ಸಂಸತ್ತಿನ ಕೆಲಸ, ಅನುದಾನವನ್ನು ಹೆಚ್ಚಿಸುವುದು ವಿಧಾನಸೌಧದ ಕೆಲಸ. ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಮಾತನ್ನು ಆಡುವುದು, ಮತ ಕೇಳಲು ಮನೆಗೆ ಬಂದವರ ಮುಂದೆ ಇದನ್ನು ಇಡುವುದು ನಮ್ಮ ಕೆಲಸ. ಮುಂದಿನ ಬಾರಿ ವಿಶೇಷ ಶಾಲೆಗೆ ಹೋದಾಗ ಸಿಹಿಯೊಡನೆ ಆ ಪ್ರಶ್ನೆಯನ್ನೂ ಒಯ್ಯೋಣ. ಶಿಕ್ಷಕಿಯ ಉತ್ತರ ನಮ್ಮನ್ನು ಒಂದಿಷ್ಟು ಮುಜುಗರಕ್ಕೀಡುಮಾಡಿದರೂ ಸರಿಯೇ.